ಯಾರದೂ ಅಲ್ಲದ ತಪ್ಪು

ಬೆಳ್ಳಂದೂರಿನ ಹೊರವರ್ತುಲ ರಸ್ತೆಯಲ್ಲಿ ಸಾಯಂಕಾಲ ವಾಹನಗಳು ನಿಂತುಬಿಡುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಮೊನ್ನೆ ನಮ್ಮ ಸೊಸೆಯು ರಾತ್ರಿ ಒಂಬತ್ತಕ್ಕೆ ಮನೆ ಸೇರಿದಳು. ಮಗು ತಾಯಿಯ ಹಾದಿ ಕಾಯುತ್ತಲೇ ನಿದ್ರೆಹೋಗಿತ್ತು. "ಮುಂದೆ ಅಪಘಾತವೇನಾದರೂ ಆಗಿತ್ತೇನಮ್ಮ?" ಎಂದು ಕೇಳಿದೆವು. "ಏನೂ ಇಲ್ಲ ಮಾವ, ಗಾಡಿಗಳು ಸುಮ್ಮನೆ ನಿಂತವು, ಸುಮ್ಮನೆ ಹೊರಟವು" ಎಂದಳು.

ಕಾರಣವಿಲ್ಲದೆ ಕಾರ್ಯವುಂಟೇ ಎಂದು ತರ್ಕವನ್ನೋದಿದ ನಮಗೆ ಸಂದೇಹವಾಯಿತು. ಇದಕ್ಕೆ ಭೌತಶಾಸ್ತ್ರವು ಉತ್ತರ ಕೊಡುವುದು. 1955ರಲ್ಲಿಯೇ ಲೈಟ್‌ಹಿಲ್, ವಿಟ್ಹಮ್ ಎಂಬ ಇಂಗ್ಲೆಂಡಿನ ಗಣಿತಜ್ಞರು ನದಿಯ ನೆರೆಯನ್ನು ವಿವರಿಸುವ ಗಣಿತವನ್ನೇ ರಸ್ತೆಯ ವಾಹನಪ್ರವಾಹಕ್ಕೂ ಅನ್ವಯಿಸಿದರು. 2008ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವು ಇನ್ನೂ ಸ್ಪಷ್ಟವಾದುದು. ಸುಗಿಯಾಮಾ ಮತ್ತು ಸಂಗಡಿಗರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಿಂದ ನಡೆಸಲು ಹೇಳಿದರು. ಅಡ್ಡಿಯೇನೂ ಇರಲಿಲ್ಲ. ಆದರೂ ಒಬ್ಬನು ತುಸು ನಿಧಾನಿಸಿದರೆ ಹಿಂದಿನವನು ಇನ್ನಷ್ಟು, ಅವನ ಹಿಂದಿನವನು ಮತ್ತಷ್ಟು ನಿಧಾನಿಸಿ, ಕಡೆಗೆ ಕೆಲವು ಕಾರುಗಳು ನಿಂತೇಹೋದವು. ಆ ತಡೆಯು ಅಲೆಯಂತೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಿಂದ ಹಿಮ್ಮುಖವಾಗಿ ಸರಿಯಿತು.

ಆದಕಾರಣ ತಡೆಗೆ ದುಷ್ಟನೊಬ್ಬನು ಬೇಕಿಲ್ಲ, ದಟ್ಟಣೆಯೊಂದೇ ಸಾಕು. ತಪ್ಪು ಯಾರೊಬ್ಬರದೂ ಅಲ್ಲವಾದರೂ ಹೊಣೆಯಲ್ಲಿ ಎಲ್ಲರಿಗೂ ಪಾಲುಂಟು. ಮುಂದಿನ ಗಾಡಿಗೆ ಅಂಟಿಕೊಳ್ಳದೆ ತುಸು ಅಂತರವಿಟ್ಟರೆ ಅಲೆಯು ಅಲ್ಲಿ ಕುಗ್ಗುವುದು. ದಟ್ಟಣೆ ಮಿತಿಮೀರಿದರೆ ಅಂತರವಾದರೂ ಎಲ್ಲಿಯದು? ಆಗ ಕಛೇರಿಗಳು ಎಲ್ಲರನ್ನೂ ಒಂದೇ ಗಳಿಗೆಯಲ್ಲಿ ಬೀದಿಗೆ ಬಿಡದೆ, ವೇಳೆಯನ್ನು ಬೇರೆಬೇರೆಯಾಗಿ ಗೊತ್ತುಮಾಡುವುದೇ ಲೇಸು.

ಅಂದಿನಿಂದ ಸೊಸೆಯನ್ನು ತಡವೇಕೆಂದು ಕೇಳುವುದನ್ನು ಬಿಟ್ಟಿರುವೆವು. ಮಗುವಿಗೆ ರಾತ್ರಿಯ ಊಟವನ್ನು ನಾವೇ ಮಾಡಿಸುತ್ತಿರುವೆವು.