ಚಿತ್ರ ಬಂತು, ಕಬೂಲ್ ಕೇಳಲಿಲ್ಲ



ಮದುವೆ ಮನೆಯಿಂದ ಮೊಬೈಲ್‌ನಲ್ಲಿ ‘ಲೈವ್’ ಬಿಡುವುದು ಈಗ ಬಿರಿಯಾನಿಯಷ್ಟೇ ಸಾಮಾನ್ಯವಾಗಿದೆ. 2020ರ ಲಾಕ್‌ಡೌನ್‌ನಲ್ಲಿ ಅನಿವಾರ್ಯವೆಂದು ಶುರುವಾದದ್ದು ಆಮೇಲೂ ಉಳಿದುಕೊಂಡಿತು. ಗಲ್ಫ್‌ನಲ್ಲಿ ದುಡಿಯುವ ಮಕ್ಕಳಿರುವ ಮನೆಗಳಿಗೆ ಅದೊಂದು ದೊಡ್ಡ ಸಮಾಧಾನ. ಆದರೆ ಆ ಲೈವ್‌ನಲ್ಲಿ ಮಾತು ಕೇಳಿಸುತ್ತದೆಯೇ?

ಅಫಝಲಪುರ ತಾಲೂಕಿನ ಅತನೂರಿಗೆ ಬಂಧುಗಳ ಮನೆಯ ನಿಕಾಹ್‌ಗೆ ಹೋಗಿದ್ದೆ. ವಧುವಿನ ಅಣ್ಣ ಜಿದ್ದಾದಲ್ಲಿದ್ದ, ರಜೆ ಸಿಕ್ಕಿರಲಿಲ್ಲ. ಹುಡುಗರು ಶಾಮಿಯಾನದ ಕಂಬಕ್ಕೆ ಮೊಬೈಲ್ ಕಟ್ಟಿ ಲೈವ್ ಹಚ್ಚಿದ್ದರು. ಹೆಂಗಸರಾದ ನಾವೆಲ್ಲ ಒಳಕೋಣೆಯಲ್ಲಿ ಇನ್ನೊಂದು ಮೊಬೈಲ್ ಹಿಡಿದು ಅದನ್ನೇ ನೋಡುತ್ತಿದ್ದೆವು. ಚಿತ್ರ ಬಲು ಚೆಂದ. ವರನ ಸೆಹರಾದ ಹೂವನ್ನೂ ಎಣಿಸಬಹುದಿತ್ತು. ಧ್ವನಿಯೆಂದರೆ ಮಾತ್ರ ಬಾಡಿಗೆ ಕೂಲರಿನ ಭರ್ರೆಂಬ ಸದ್ದು. ಅದರ ನಡುವೆ ಖಾಝಿ ಸಾಹೇಬರ ಖುತ್ಬಾ ನೀರಿನೊಳಗಿಂದ ಬಂದಂತೆ ತುಂಡು ತುಂಡಾಗಿ ಕೇಳುತ್ತಿತ್ತು. ಹೊರಗೆ ‘ಮುಬಾರಕ್’ ಎಂದು ಗದ್ದಲವೆದ್ದಾಗ ನಮ್ಮ ಮೊಬೈಲ್‌ನಲ್ಲಿ ವರ ಇನ್ನೂ ತಲೆತಗ್ಗಿಸಿ ಕೂತಿದ್ದ. ಲೈವ್ ಎಂದರೂ ಅದು ಕೆಲವು ಸೆಕೆಂಡು ಹಿಂದೆಯೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಜಿದ್ದಾದಿಂದ ಫೋನ್ ಬಂತು: “ಅಮ್ಮೀ, ದುಲ್ಹಾಭಾಯಿ ಕಬೂಲ್ ಅಂದರಾ? ನನಗೇನೂ ಕೇಳಿಸಲಿಲ್ಲ.” ಆ ತಾಯಿ, “ಹೌದು ಬೇಟಾ, ಅಂದರು” ಎಂದರು. ಆಕೆಗೂ ಕೇಳಿಸಿರಲಿಲ್ಲ ಎಂಬುದು ಪಕ್ಕದಲ್ಲಿ ಕೂತ ನನಗೆ ಗೊತ್ತಿತ್ತು.

ನಿಕಾಹ್ ಸಿಂಧುವಾಗಲು ಲೈವ್ ಬೇಕಿಲ್ಲ, ಮಜ್ಲಿಸ್‌ನಲ್ಲಿ ಸಾಕ್ಷಿಗಳಿದ್ದರು. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1990ರಲ್ಲಿ ಫೋನ್, ಫ್ಯಾಕ್ಸ್‌ಗಳ ಮೂಲಕ ನಡೆಯುವ ಕರಾರುಗಳನ್ನು ಒಪ್ಪಿತಾದರೂ, ಸಾಕ್ಷಿಗಳು ಬೇಕೆಂಬ ಕಾರಣಕ್ಕೆ ನಿಕಾಹನ್ನು ಅದರಿಂದ ಹೊರಗಿಟ್ಟಿತು. ಆದರೆ ತಂಗಿಯ ಮದುವೆಯ ಆ ಒಂದು ಮಾತನ್ನು ಕೇಳಬೇಕೆಂಬ ಅಣ್ಣನ ಆಸೆ ಬೇರೆಯೇ ವಿಷಯ.

ಮನೆಯವರೆಲ್ಲ ದೂರಿದ್ದು ನೆಟ್‌ವರ್ಕನ್ನು. ಅರ್ಧ ನಿಜ. ಉಳಿದರ್ಧ ನಮ್ಮ ಕೈಯಲ್ಲೇ ಇತ್ತು.

ಬಿಟ್‌ರೇಟ್ ಎಂಬ ಶಬ್ದ ಕೇಳಿರಬಹುದು. ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ಸಾಗುತ್ತದೆ ಎಂಬ ಲೆಕ್ಕವದು. ಆಡಿಯೊ ಸಿ.ಡಿ.ಯಲ್ಲಿ ಧ್ವನಿಗೆ ಸೆಕೆಂಡಿಗೆ 1411 ಕಿಲೋಬಿಟ್ ಬೇಕು. ಅಷ್ಟನ್ನು ಮೊಬೈಲ್‌ನಿಂದ ಕಳಿಸುವುದು ಕಷ್ಟವೆಂದು ಎಂಪಿತ್ರೀ, ಎಎಸಿ ಮುಂತಾದ ವಿಧಾನಗಳು ಕಿವಿ ಗುರುತಿಸಲಾರದ ಸದ್ದುಗಳನ್ನು ಬಿಟ್ಟು ಉಳಿದದ್ದನ್ನು ಕಳಿಸುತ್ತವೆ. ಯೂಟ್ಯೂಬ್ ತನ್ನ ಲೈವ್‌ಗೆ ಸೂಚಿಸುವುದು 128 ಕಿಲೋಬಿಟ್. ಶಾಂತವಾದ ಕೋಣೆಯಲ್ಲಿ ಒಬ್ಬರೇ ಮಾತಾಡುವುದಾದರೆ 64 ಕೂಡ ಸಾಕು. ಆದರೆ ಕೂಲರ್, ಜನರೇಟರ್, ಮಕ್ಕಳ ಅಳು ಎಲ್ಲ ಸೇರಿದರೆ ಆ ಪುಟ್ಟ ಪಾಲಿನಲ್ಲೇ ಗದ್ದಲವನ್ನೂ ಹೊರಬೇಕು. ಆಗ ಮಾತಿನ ಪಾಲಿಗೆ ಕತ್ತರಿ ಬೀಳುತ್ತದೆ. ಒಮ್ಮೆ ಹೋದದ್ದು ಮರಳಿ ಬಾರದು. ಕೆನೆ ತೆಗೆದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರೆ ಕೆನೆ ಬರುತ್ತದೆಯೇ?

ಈಗ ಖರ್ಚಿನ ಲೆಕ್ಕ ನೋಡಿ. 128 ಕಿಲೋಬಿಟ್‌ನ ಧ್ವನಿ ಒಂದು ಗಂಟೆಗೆ ಸುಮಾರು 58 ಎಂ.ಬಿ. ತಿನ್ನುತ್ತದೆ. ಚೆಂದದ ಚಿತ್ರಕ್ಕೆ 2500 ಕಿಲೋಬಿಟ್ ಇಟ್ಟರೆ ಅದೇ ಒಂದು ಗಂಟೆಗೆ 1125 ಎಂ.ಬಿ.! ಎರಡೂ ಒಂದೇ ದಾರಿಯಲ್ಲಿ ಹೋಗಬೇಕು. ರೆಕಾರ್ಡ್ ಮಾಡಿದ ವಿಡಿಯೊ ನಿಧಾನವಾಗಿ ಅಪ್‌ಲೋಡ್ ಆದರೂ ನಡೆಯುತ್ತದೆ, ಲೈವ್ ಕಾಯುವಂತಿಲ್ಲ. ಹಳ್ಳಿಯ ನೆಟ್‌ವರ್ಕ್‌ನಲ್ಲಿ ದಾರಿ ಇಕ್ಕಟ್ಟಾದಾಗ ಈ ಭಾರೀ ಚಿತ್ರದ ತಳ್ಳಾಟದಲ್ಲಿ ಧ್ವನಿಯೂ ತುಂಡಾಗುತ್ತದೆ. ಚಿತ್ರವನ್ನು 480ಕ್ಕೆ ಇಳಿಸಿ 1000 ಕಿಲೋಬಿಟ್‌ಗೆ ತಂದರೆ ಗಂಟೆಗೆ 450 ಎಂ.ಬಿ.ಯಲ್ಲಿ ಮುಗಿಯುತ್ತದೆ. ಸೆಹರಾದ ಹೂವು ತುಸು ಮಸುಕಾದೀತು, ಆಗಲಿ ಬಿಡಿ! ಧ್ವನಿಯನ್ನು ಇಳಿಸಿ ಉಳಿಸುವುದು ಮದುವೆಯ ಅಡುಗೆಯಲ್ಲಿ ಉಪ್ಪಿನ ಖರ್ಚು ಉಳಿಸಿದಂತೆ.

ಎಷ್ಟೋ ಮೊಬೈಲ್ ಆ್ಯಪ್‌ಗಳಲ್ಲಿ ಧ್ವನಿಯ ಬಿಟ್‌ರೇಟ್ ಆರಿಸುವ ಅವಕಾಶವೇ ಇಲ್ಲ, ಅವೇ ನಿರ್ಧರಿಸುತ್ತವೆ. ಮೈಕ್ ಎಲ್ಲಿಡಬೇಕೆಂಬುದನ್ನು ನಾವು ನಿರ್ಧರಿಸಬಹುದು, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಬಯಲಲ್ಲಿ ದೂರ ಎರಡು ಪಟ್ಟಾದರೆ ಧ್ವನಿಯ ಬಲ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅತನೂರಿನಲ್ಲಿ ಮೊಬೈಲ್ ಕಟ್ಟಿದ ಕಂಬ ಖಾಝಿ ಸಾಹೇಬರಿಂದ ಇಪ್ಪತ್ತು ಅಡಿಯಾದರೂ ದೂರವಿತ್ತು, ಕೂಲರಿಗೆ ಮೂರೇ ಅಡಿ. ಪಾಪ, ಮೊಬೈಲ್ ತನಗೆ ಕೇಳಿದ್ದನ್ನು ಕಳಿಸಿತು. ಉದ್ದ ತಂತಿಯ ಕಾಲರ್ ಮೈಕೊಂದನ್ನು ಖಾಝಿಯವರ ಮುಂದಿಟ್ಟಿದ್ದರೆ ಅದೇ ನೆಟ್‌ವರ್ಕ್‌ನಲ್ಲಿ ಖುತ್ಬಾ ಎಷ್ಟೋ ಸ್ಪಷ್ಟವಾಗುತ್ತಿತ್ತು. ಲೌಡ್‌ಸ್ಪೀಕರ್ ಪೆಟ್ಟಿಗೆಯ ಎದುರಿಗೇ ಮೊಬೈಲ್ ಇಡಬೇಡಿ, ಧ್ವನಿ ಒಡೆದು ಗರಗರ ಎನ್ನುತ್ತದೆ.

ಮದುವೆ ಒಂದು ದಿನದ್ದು. ಆನ್‌ಲೈನ್‌ನಲ್ಲಿ ಕುರ್‌ಆನ್ ಕಲಿಯುವ ಮಕ್ಕಳಿಗೆ ಇದು ದಿನನಿತ್ಯದ ಮಾತು. ನಮ್ಮ ಹಳೆಯ ಟೆಲಿಫೋನ್ ಲೈನು 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. ‘ಸ’, ‘ಫ’ಗಳ ಗುರುತಿರುವುದು ಬಹುಪಾಲು ಅದಕ್ಕಿಂತ ಮೇಲೆ. ಫೋನಿನಲ್ಲಿ ಹೆಸರು ಹೇಳುವಾಗ ಎರಡೆರಡು ಸಲ ಬಿಡಿಸಿ ಹೇಳುತ್ತಿದ್ದುದು ನೆನಪಿದೆಯಲ್ಲವೇ? ಹೆಚ್ಚು ಹಿಂಡಿದಾಗ ಲೈವ್‌ನಲ್ಲೂ ಮೊದಲು ಸವೆಯುವುದು ಇಂಥ ಸೂಕ್ಷ್ಮ ಧ್ವನಿಗಳೇ. ‘ಸೀನ್’ಗೂ ‘ಸಾ’ಗೂ ವ್ಯತ್ಯಾಸ ಉಸ್ತಾದರಿಗೆ ಕೇಳಿಸದಿದ್ದರೆ ತಿದ್ದುವುದಾದರೂ ಹೇಗೆ? ಮಗು ತಪ್ಪು ಹೇಳಿತೆಂದು ಗದರುವ ಮುನ್ನ ಫ್ಯಾನ್ ನಿಲ್ಲಿಸಿ, ತಂತಿಯ ಇಯರ್‌ಫೋನ್ ಹಾಕಿಸಿ, ಪಾಠದ ಹೊತ್ತಿಗೆ ಕ್ಯಾಮರಾ ಬಂದ್ ಮಾಡಿ ನೋಡಿ.

ಅತನೂರಿನ ಆ ಖುತ್ಬಾ ಎಲ್ಲೂ ಉಳಿಯಲಿಲ್ಲ. ಲೈವ್‌ನ ಪ್ರತಿಯಲ್ಲಿರುವುದೂ ಅದೇ ಕೂಲರ್. ಹಾಗಾಗಿ ನಿಮ್ಮ ಮನೆಯ ನಿಕಾಹ್‌ನಲ್ಲಿ ಇನ್ನೊಂದು ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ರೆಕಾರ್ಡರ್ ಒತ್ತಿ, ಖಾಝಿಯವರ ಮುಂದೆ ಇಟ್ಟುಬಿಡಿ. ಲೈವ್ ಕೈಕೊಟ್ಟರೂ ಅದನ್ನು ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದಂತೆಯೇ ತಲುಪುತ್ತದೆ. ಮುನ್ನಾದಿನ ಅದೇ ಜಾಗದಿಂದ, ಅದೇ ಹೊತ್ತಿಗೆ, ಕೂಲರ್ ಹಚ್ಚಿ ಐದು ನಿಮಿಷ ಲೈವ್ ಬಿಟ್ಟು ನೋಡಿ. ದೂರದಲ್ಲಿರುವ ಮಗನಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಲು ಹೇಳಿ. ಕೂಲರ್ ಆ ಕಡೆ ಸರಿಸಿ ಎಂದು ಅವನು ಅಂದರೆ, ಬೀಗರಿಗೆ ಸೆಕೆಯಾದರೂ ಸರಿ, ಸರಿಸಿಬಿಡಿ.