ತೂಕಡಿಕೆಯ ಅಳತೆ
ಕಬ್ಬಿನ ಹಂಗಾಮು ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳು ಅಪರಾತ್ರಿಯಲ್ಲೂ ಓಡುತ್ತವೆ. ಸ್ಟೀರಿಂಗ್ ಹಿಡಿದವನ ನಿದ್ದೆ ಎಷ್ಟು ಬಾಕಿ ಎಂದು ಕೇಳುವವರು ಕಡಿಮೆ. ಕೇಳಲು ಅಗ್ಗದ ದಾರಿಯೇನೋ ಇದೆ: ಮೆಲ್ಬರ್ನ್‌ನ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ ಎಪ್‌ವರ್ತ್ ಮಾಪಕ. ಎಂಟು ಪ್ರಶ್ನೆ, 24 ಅಂಕ. 10 ದಾಟಿದರೆ ಹಗಲು ನಿದ್ದೆ ಅತಿಯಾಯಿತು ಎಂದು ಲೆಕ್ಕ. ಆದರೆ ಕೆಲವು ಪ್ರಶ್ನೆಗಳು ಕಾರಿನಲ್ಲಿ ಒಂದು ತಾಸು ಕೂತವರನ್ನು, ಓದುತ್ತ ತೂಕಡಿಸುವವರನ್ನು ಕುರಿತವು. ಕಾರೂ ಪುಸ್ತಕವೂ ಇಲ್ಲದ ಹಮಾಲ ಏನೆಂದು ಅಂಕ ಕೊಟ್ಟಾನು? ಹಿಂದಿಯಲ್ಲಿ ಇಂಥ ಪ್ರಶ್ನೆಗಳನ್ನು ಬದಲಿಸಿಯೇ ಮಾಪಕವನ್ನು ಒರೆಗೆ ಹಚ್ಚಿದರು. ಮೇಲಾಗಿ, ಕೆಲಸ ಹೋದೀತೆಂಬ ಅಂಜಿಕೆಯಿದ್ದವ ಖರೇ ಹೇಳುತ್ತಾನೆಂಬ ಭರವಸೆ ನನಗಿಲ್ಲ. ಹಾಗಾದರೆ ಪ್ರಯೋಗಾಲಯ? ಅಲ್ಲಿ ಎರಡೆರಡು ತಾಸಿಗೊಮ್ಮೆ ನಾಲ್ಕೈದು ಸಲ ಕತ್ತಲ ಕೋಣೆಯಲ್ಲಿ ಮಲಗಿಸಿ, ಮಿದುಳಿನ ಅಲೆ ನೋಡಿ, ನಿದ್ದೆ ಹತ್ತಲು ಹಿಡಿದ ನಿಮಿಷ ಎಣಿಸುತ್ತಾರೆ. ಸರಾಸರಿ 8 ನಿಮಿಷ ಮೀರದೆ, ಎರಡು ಸಲವಾದರೂ ಕನಸಿನ ನಿದ್ದೆ ಬೇಗನೆ ಬಂದರೆ ಹಗಲಲ್ಲೂ ತಡೆಯಲಾಗದ ನಿದ್ದೆ ಎರಗುವ ನಾರ್ಕೊಲೆಪ್ಸಿ ರೋಗದ ಗುಮಾನಿ. ಇದೇ ಅಂತಿಮ ಎಂದು ನಂಬಿದವರಿಗೆ ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2005ರಲ್ಲಿ ಮಾಡಿಸಿದ ಪುರಾವೆಗಳ ಪರಿಶೀಲನೆ ತಣ್ಣೀರೆರಚಿತು: ಆರೋಗ್ಯವಂತರ ನಿಮಿಷಗಳೂ ರೋಗಿಗಳ ನಿಮಿಷಗಳೂ ಒಂದರೊಳಗೊಂದು ಬೆರೆಯುತ್ತವೆ. 40 ನಿಮಿಷ ಎಚ್ಚರ ಕಾಯಿಸುವ ಇನ್ನೊಂದು ಪರೀಕ್ಷೆ ಚಾಲಕರಿಗೆ ಹೆಚ್ಚು ಹೊಂದುತ್ತದೆ, ಆದರೆ ಮಂದ ಬೆಳಕಿನ ಕೋಣೆಯಲ್ಲಿ ಪಾಸಾದವ ರಸ್ತೆಯಲ್ಲಿ ತೂಕಡಿಸುವುದಿಲ್ಲ ಎನ್ನಲು ಪುರಾವೆ ಸಾಲದು. ಆದ್ದರಿಂದ ಇಂಥ ಪರೀಕ್ಷೆಗೆಂದು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಚೀಟಿ ಬರೆಯುವ ಮುನ್ನ, ತಾಲ್ಲೂಕಿನ ವೈದ್ಯರು ಗೊರಕೆಯ ಬಗ್ಗೆ ಚಾಲಕನ ಹೆಂಡತಿಯನ್ನೂ ರಾತ್ರಿ ಪಾಳಿಯ ಬಗ್ಗೆ ಮಾಲೀಕನನ್ನೂ ವಿಚಾರಿಸಲಿ.