ಹೆಡ್ಡಾಫೀಸು ಊರು ಬಿಟ್ಟರೆ ನೀವೇಕೆ ರಾಜೀನಾಮೆ ಬರೆಯಬೇಕು?

ಶುಕ್ರವಾರ ಸಂಜೆ ಕರೆಯುತ್ತಾರೆ. ಎ.ಸಿ. ಕೋಣೆ, ಒಂದು ಲೋಟ ನೀರು, ಹೆಚ್ಚಾರ್ ಸಾಹೇಬರ ತಣ್ಣನೆಯ ನಗೆ. 'ಹೆಡ್ಡಾಫೀಸು ಮುಂಬಯಿಗೆ ಹೋಗುತ್ತಿದೆ. ಬರುವುದಾದರೆ ಬನ್ನಿ, ಆಗದಿದ್ದರೆ ಇಲ್ಲೊಂದು ಸಹಿ ಹಾಕಿ.' ಆ ಕಾಗದದಲ್ಲಿ ಇರುವುದು ಒಂದೇ ಸಾಲು: ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ.

ಯಾರ ವೈಯಕ್ತಿಕ ಕಾರಣ ಸ್ವಾಮಿ? ಊರು ಬಿಡುತ್ತಿರುವವರು ನೀವು! ಯಶವಂತಪುರದ ಬಾಡಿಗೆ ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ, ಎಸ್ಸೆಸ್ಸೆಲ್ಸಿ ಓದುವ ತಂಗಿ. ಅವರನ್ನು ಬಿಟ್ಟು ಹೋಗಲಾರದ ಹುಡುಗ ಇದ್ದಲ್ಲೇ ಇದ್ದಾನೆ. ಆದರೂ ಕಾಗದದ ಮೇಲೆ ಬಿಟ್ಟು ಹೋದವನು ಅವನೇ!

ಹೆಡ್ಡಾಫೀಸು ಕಳೆದುಕೊಳ್ಳುವುದು ನಮಗೆ ಹೊಸದಲ್ಲ. 2015ರಲ್ಲಿ ಐಎನ್‌ಜಿ ವೈಶ್ಯ ಬ್ಯಾಂಕ್ ಮುಂಬಯಿಯ ಕೋಟಕ್ ಮಹೀಂದ್ರಾದ ಹೊಟ್ಟೆ ಸೇರಿತು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್. ಸರ್ಕಾರಿ ಬ್ಯಾಂಕಿನವರಿಗೆ ಗಟ್ಟಿ ಸಂಘಗಳಿದ್ದವು. ಯಾರ ಕೆಲಸವೂ ಹೋಗುವುದಿಲ್ಲ ಎಂದು ಕೇಂದ್ರ ಸರ್ಕಾರವೇ ಬಾಯಿಬಿಟ್ಟು ಹೇಳಬೇಕಾಯಿತು. ಸಂಘವಿಲ್ಲದ ಖಾಸಗಿ ಕಂಪನಿಯ ಹುಡುಗ ಹುಡುಗಿಯರಿಗೆ ಹೇಳುವವರು ಯಾರು?

ಕಾನೂನು ಹೇಳುತ್ತದೆ. ಕೇಳುವ ಕಿವಿ ಬೇಕು, ಅಷ್ಟೆ. ಕಂಪನಿಯೊಂದು ತನ್ನ ನೋಂದಾಯಿತ ಕಚೇರಿಯನ್ನು ಕರ್ನಾಟಕದಿಂದ ಬೇರೆ ರಾಜ್ಯಕ್ಕೆ ಒಯ್ಯಬೇಕಾದರೆ 2013ರ ಕಂಪನಿ ಕಾಯಿದೆಯ 13ನೇ ಸೆಕ್ಷನ್ ಪ್ರಕಾರ ಕೇಂದ್ರದ ಒಪ್ಪಿಗೆ ಪಡೆಯಬೇಕು. 2014ರ ನಿಯಮಾವಳಿಯ 30ನೇ ನಿಯಮ ಇನ್ನೂ ಮುಂದೆ ಹೋಗುತ್ತದೆ. ಈ ಸ್ಥಳಾಂತರದಿಂದ ಒಬ್ಬ ನೌಕರನನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ನಿರ್ದೇಶಕರು ಅಫಿಡವಿಟ್ ಕೊಡಬೇಕು. ಅರ್ಜಿಯ ಪ್ರತಿ ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯ ಮೇಜಿಗೂ ಬರಬೇಕು.

ಈಗ ತಿಳಿಯಿತೇ ಆ ಒಂದು ಸಾಲಿನ ಬೆಲೆ? ತೆಗೆಯುವುದಿಲ್ಲ ಎಂದು ಪ್ರಮಾಣ ಮಾಡಿದವರಿಗೆ ನೀವಾಗಿಯೇ ಹೋದಿರಿ ಎನ್ನುವ ಕಾಗದ ಬೇಕು. ಅವರ ಪ್ರಮಾಣವನ್ನು ಸತ್ಯ ಮಾಡುವುದು ನಿಮ್ಮ ಸಹಿ!

ಇನ್ನು ಕೆಲವರು ಮಹಾ ಜಾಣರು. ನೋಂದಾಯಿತ ಕಚೇರಿಯ ಬೋರ್ಡನ್ನು ಇಲ್ಲೇ ನೇತುಹಾಕಿ ಮೇಜು, ಕುರ್ಚಿ, ಕೆಲಸವನ್ನಷ್ಟೇ ಸಾಗಿಸುತ್ತಾರೆ. ಆಗ ಅಫಿಡವಿಟ್ಟಿನ ಗೊಡವೆಯೇ ಇಲ್ಲ. ಆದರೆ ಕಾರ್ಮಿಕ ಕಾನೂನು ಎಲ್ಲಿಗೂ ಓಡಿಹೋಗುವುದಿಲ್ಲ.

ಲೆಕ್ಕ ಹಾಕಿ. ತಿಂಗಳಿಗೆ 30,000 ರೂಪಾಯಿಯ ಗುಮಾಸ್ತ, ಹತ್ತು ವರ್ಷದ ಸೇವೆ. ಕಂಪನಿ ಅವನನ್ನು ತೆಗೆದರೆ ವರ್ಷಕ್ಕೆ 15 ದಿನದ ಸಂಬಳದಂತೆ ಸುಮಾರು ಒಂದೂವರೆ ಲಕ್ಷ ಪರಿಹಾರ, ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಹೊಸ ಕಸುಬು ಕಲಿಯಲೆಂದು ಇನ್ನೂ 15 ದಿನದ ವೇತನವಿದೆ. ಅದೇ ಗುಮಾಸ್ತ ರಾಜೀನಾಮೆ ಬರೆದನೋ, ಇದರಲ್ಲಿ ಒಂದು ಬಿಡಿಗಾಸೂ ಇಲ್ಲ. ಬದಲಿಗೆ ನೋಟಿಸ್ ಅವಧಿ ದುಡಿಯಲಿಲ್ಲ ಎಂದು ಅವನ ಲೆಕ್ಕದಿಂದಲೇ ಹಣ ಮುರಿದುಕೊಳ್ಳುತ್ತಾರೆ. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಮಾತ್ರ ಎರಡು ದಾರಿಯಲ್ಲೂ ಸಿಗುತ್ತದೆ. ಅದನ್ನೇ ದೊಡ್ಡ ಔದಾರ್ಯವೆಂಬಂತೆ ತೋರಿಸಿದರೆ ನಂಬಬೇಡಿ.

ತೆರಿಗೆಯದು ಇನ್ನೊಂದು ಕಥೆ. ಕಾನೂನುಬದ್ಧ ಪರಿಹಾರಕ್ಕೆ 5 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ. ರಾಜೀನಾಮೆ ಪಡೆದು 'ಪ್ರೀತಿಯಿಂದ' ಕೊಡುವ ಎಕ್ಸ್ ಗ್ರೇಷಿಯಾ ಮಾತ್ರ ಸಂಬಳದ ಲೆಕ್ಕಕ್ಕೆ ಸೇರಿ, ತೆರಿಗೆ ಕಡಿತವಾಗಿಯೇ ಕೈಗೆ ಬರುತ್ತದೆ. ನಿಯಮದಂತೆ ರೂಪಿಸಿದ ಸ್ವಯಂ ನಿವೃತ್ತಿ ಯೋಜನೆಯಾಗಿದ್ದರೆ ಅದಕ್ಕೂ 5 ಲಕ್ಷದ ವಿನಾಯಿತಿ ಉಂಟು. ಹೆಚ್ಚಾರ್ ಕೋಣೆಯ ಬಿಡಿ ಕಾಗದಕ್ಕೆ ಇಲ್ಲ. ದಿಲ್ಲಿಯ ದೊರೆಗಳ ನ್ಯಾಯವನ್ನೂ ನೋಡಿ: ಗ್ರಾಚ್ಯುಟಿಯ ವಿನಾಯಿತಿ ಮಿತಿ 2018ರಲ್ಲಿ 20 ಲಕ್ಷಕ್ಕೆ ಏರಿತು, ರಜೆ ನಗದೀಕರಣದ್ದು 2023ರಲ್ಲಿ 25 ಲಕ್ಷಕ್ಕೆ. ಕೆಲಸ ಕಳೆದುಕೊಂಡವನ ಪರಿಹಾರಕ್ಕೆ 1997ರ ಜನವರಿಯಲ್ಲಿ ಇಟ್ಟ 5 ಲಕ್ಷ, ಕಾಲು ಶತಮಾನ ಕಳೆದರೂ ಅಲುಗಲಿಲ್ಲ. ಬೆಂಗಳೂರಿನಲ್ಲಿ ಅಂದಿನ ಸೈಟಿನ ಬೆಲೆ ಎಷ್ಟಿತ್ತು, ಇಂದು ಎಷ್ಟಿದೆ, ನಿಮ್ಮ ಅಪ್ಪನನ್ನೇ ಕೇಳಿ.

'ನೀವು ಮ್ಯಾನೇಜರ್, ಕಾರ್ಮಿಕ ಕಾನೂನು ನಿಮಗಿಲ್ಲ' ಎಂಬುದು ಇನ್ನೊಂದು ಬಾಣ. ಕಾರ್ಡಿನ ಮೇಲಿನ ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು ನ್ಯಾಯಾಲಯ ನೋಡುತ್ತದೆ. ನಿಜಕ್ಕೂ ಕಷ್ಟವಾಗುವುದು ಬೇರೆ ಕಡೆ: ನೇಮಕಾತಿ ಪತ್ರದಲ್ಲಿ 'ಭಾರತದ ಯಾವುದೇ ಊರಿಗೆ ವರ್ಗಾಯಿಸಬಹುದು' ಎಂಬ ಸಾಲಿದ್ದರೆ, ಹೋಗಲಾರೆ ಎಂದವನ ಕೈ ಸೋಲುತ್ತದೆ. ಇಂಗ್ಲಿಷಿನ ಹತ್ತು ಪುಟದೊಳಗೆ ಹುದುಗಿಸಿಟ್ಟ ಆ ಸಾಲನ್ನು ಇವತ್ತೇ ಹುಡುಕಿ ಓದಿ. ಅದು ಇರಲಿ ಬಿಡಲಿ, ಕೋಣೆಯಲ್ಲಿ ಕೂತು ಸಹಿ ಹಾಕಬೇಡಿ. ವರ್ಗಾವಣೆಯ ಆದೇಶವನ್ನು ಬರಹದಲ್ಲಿ ಕೇಳಿ, ಬರಲಾರದ ಕಾರಣವನ್ನು ಬರಹದಲ್ಲೇ ಕೊಡಿ, ಕಾಗದ ಹಿಡಿದು ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿ.

ಇನ್ನೊಂದು ಮಾತು. ನೋಂದಾಯಿತ ಕಚೇರಿ ರಾಜ್ಯ ಬಿಡುವ ಮುನ್ನ ಕಂಪನಿ ಇಂಗ್ಲಿಷ್ ಪತ್ರಿಕೆಯಲ್ಲಷ್ಟೇ ಅಲ್ಲ, ಆ ಜಿಲ್ಲೆಯ ಜನಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಕೊಡಲೇಬೇಕು. ಬೆಂಗಳೂರಿನಲ್ಲಿ ಅದು ಕನ್ನಡ. ಬಾಧಿತರು ಪ್ರಾದೇಶಿಕ ನಿರ್ದೇಶಕರಿಗೆ ಆಕ್ಷೇಪಣೆ ಸಲ್ಲಿಸಲು 14 ದಿನ. ಆ ಪ್ರಕಟಣೆ ಮುಖಪುಟದಲ್ಲಿ ಬರುವುದಿಲ್ಲ; ಒಳಪುಟದಲ್ಲಿ, ಟೆಂಡರ್ ಜಾಹೀರಾತುಗಳ ನಡುವೆ, ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತದೆ. ಕಂಡವರು ಕತ್ತರಿಸಿ, ಕ್ಯಾಂಟೀನಿನ ಗೋಡೆಗೆ ಅಂಟಿಸಿ.